ಬೇರಾದ ಬೆರಳುಗಳು

ಬದಿಯಡ್ಕದ ಮನೆಯಲ್ಲಿ ಸಿಕ್ಕ ನಿಮ್ಮ ಸೋದರಮಾವನವರ ಶಾಯಿಚಿತ್ರದಲ್ಲಿ ಹೆಂಗಸಿನ ಬೆರಳುಗಳು ಬೇರುಗಳಾಗಿ ಇಳಿದಿರುವುದಕ್ಕೂ ಬೆನ್ನು ಅಡಿಕೆಮರದ ಕಾಂಡವಾಗಿರುವುದಕ್ಕೂ ಏನು ಅರ್ಥವೆಂದು ಕೇಳಿದ್ದೀರಿ. ಒಂದೊಂದು ಆಕಾರಕ್ಕೂ ನಿಘಂಟಿನಂತೆ ಅರ್ಥ ಹೊಂದಿಸಲು ಹೋಗಬೇಡಿ. ಈ ಚಿತ್ರ ಕನಸನ್ನೂ ಒಳಮನಸ್ಸನ್ನೂ ನೆಚ್ಚಿದ ಸರ್ರಿಯಲಿಸಂ ಎಂಬ ಕಲಾಪಂಥವನ್ನು ನೆನಪಿಸುತ್ತದೆ. 1924ರಲ್ಲಿ ಫ್ರೆಂಚ್ ಕವಿ ಆಂದ್ರೆ ಬ್ರೆತಾನ್ ಪ್ರಕಟಿಸಿದ ಪ್ರಣಾಳಿಕೆಯು ವಿವೇಚನೆಯ ಹಿಡಿತವಿಲ್ಲದ ಮನೋವ್ಯಾಪಾರವನ್ನೇ ಸರ್ರಿಯಲಿಸಂ ಎಂದು ಕರೆಯಿತು. ಅದೇ ಪಂಥದ ಫ್ರೆಂಚ್ ಚಿತ್ರಕಾರ ಆಂದ್ರೆ ಮಾಸೋನ್ ಮೊದಲು ಗುರಿಯಿಲ್ಲದೆ ಗೆರೆಯನ್ನು ಹರಿಯಬಿಟ್ಟು, ಅದರೊಳಗೆ ಮೂಡಿದ ಮೈಗಳನ್ನು ಆಮೇಲೆ ಬೆಳೆಸುತ್ತಿದ್ದರು. ಆದ್ದರಿಂದ ನೀವೂ ಗೆರೆಯನ್ನೇ ಹಿಂಬಾಲಿಸಿ: ಮಣಿಕಟ್ಟಿನಲ್ಲಿ ದಪ್ಪವಾಗಿದ್ದ ಶಾಯಿ ಬೇರಿನ ತುದಿಯಲ್ಲಿ ಕೂದಲೆಳೆಯಾಗಿದೆ, ಎಲ್ಲಿಯೂ ಕಡಿದಿಲ್ಲ. ನನಗಂತೂ ಇದು ನೋವಿಗಿಂತ ಹೆಚ್ಚಾಗಿ ಮಣ್ಣನ್ನು ಬಿಡಲೊಲ್ಲದ ಜೀವದಂತೆ ಕಾಣುತ್ತದೆ. ಸೋಗೆ ಕಳಚಿದಲ್ಲಿ ಅಡಿಕೆಮರದ ಮೇಲೆ ಉಳಿಯುವ ಉಂಗುರಗಳನ್ನು ಬೆನ್ನುಮೂಳೆಯ ಮಣಿಗಳಾಗಿ ಬರೆದಿರುವ ರೀತಿ ನೋಡಿ. ತೋಟದಲ್ಲೇ ಬೆಳೆದ ಕಣ್ಣು ಅದು. ಹಾಳೆಯ ಹಿಂಬದಿಯಲ್ಲಿ ಅವರು ವರ್ಷವನ್ನೇನಾದರೂ ಬರೆದಿದ್ದಾರೆಯೇ?