ಸಾಲವಿರುವಾಗ ದಶಮಾಂಶ ನಿಲ್ಲಿಸಿದರೆ ಅದು ಅವಿಶ್ವಾಸವೇ?

ಕೆಲಸ ಹೋಗಿದೆ, ಸಾಲವಿದೆ, ಆದರೂ ದಶಮಾಂಶದ ವಿಷಯದಲ್ಲಿ, ಅಂದರೆ ಆದಾಯದ ಹತ್ತರಲ್ಲೊಂದು ಪಾಲನ್ನು ದೇವರಿಗೆ ಕೊಡುವ ವಿಷಯದಲ್ಲಿ, ಪ್ರಾರ್ಥನಾ ಕೂಟದವರು ‘ಈಗ ಕೊಡುವುದೇ ವಿಶ್ವಾಸದ ಪರೀಕ್ಷೆ’ ಎನ್ನುತ್ತಾರೆಂದು ಬರೆದಿದ್ದೀರಿ. ಇದೇ ಮಾತನ್ನು ನಂಬಿ ನಾನು ಹೆಂಡತಿಯ ಬಳೆಗಳನ್ನು ಕಳೆದೆ.

ಬೆಂಗಳೂರಿನಲ್ಲಿ ಗಾರ್ಮೆಂಟ್ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಕಾರ್ಖಾನೆ ಮುಚ್ಚಿತು. ಆಗ ಹೋಗುತ್ತಿದ್ದ ಕೂಟದಲ್ಲಿ ಒಂದು ಭಾನುವಾರ, ದಶಮಾಂಶವನ್ನು ಪೂರ್ತಿ ತಂದರೆ ದೇವರು ಆಶೀರ್ವಾದ ಸುರಿಸುವನೆನ್ನುವ ಬೈಬಲಿನ ಮಲಾಕಿಯ 3:10ನ್ನು ಓದಿ, ‘ವಿಶ್ವಾಸದ ಬೀಜ ಬಿತ್ತಿರಿ’ ಎಂದು ಎಲ್ಲರಿಗೂ ಒಂದೊಂದು ಲಕೋಟೆ ಹಂಚಿದರು. ಅದರ ಮೇಲೆ ಎರಡು ಗೆರೆಗಳಿದ್ದವು. ಮೊದಲನೆಯದರಲ್ಲಿ ಕಾಣಿಕೆಯ ಮೊತ್ತ, ಎರಡನೆಯದರಲ್ಲಿ ನಿರೀಕ್ಷಿಸುವ ಆಶೀರ್ವಾದ. ಎರಡನೆಯ ಗೆರೆಯ ಮೇಲೆ ನಾನು ‘ಕ್ರಿಸ್ಮಸ್ ಒಳಗೆ ಕೆಲಸ’ ಎಂದು ಬರೆದೆ. ಮರುದಿನ ಹೆಂಡತಿಗೆ ಹೇಳದೆ ಬಳೆಗಳನ್ನು ಅಡವಿಟ್ಟು, ಬಂದ ಹಣವನ್ನೆಲ್ಲ ಲಕೋಟೆಗೆ ಹಾಕಿದೆ.

ಕ್ರಿಸ್ಮಸ್ ಬಂತು, ಹೋಯಿತು. ಬಡ್ಡಿ ಬೆಳೆಯಿತು. ಹರಾಜಿನ ನೋಟಿಸು ರಿಜಿಸ್ಟರ್ಡ್ ಅಂಚೆಯಲ್ಲಿ ಬಂದಾಗ ಸಹಿ ಹಾಕಿ ತೆಗೆದುಕೊಂಡವಳು ನನ್ನ ಹೆಂಡತಿ.

ನನ್ನ ತಪ್ಪು ಎಲ್ಲಿತ್ತೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಬಹಳ ಜನ ಅದನ್ನು ಬೇರೆಡೆ ಹುಡುಕುತ್ತಾರೆ. ಕಷ್ಟದಲ್ಲಿದ್ದಾಗ ಕೊಟ್ಟದ್ದು ತಪ್ಪಲ್ಲ. ಕೈ ಮೀರಿ ಕೊಟ್ಟದ್ದೂ ತಪ್ಪಲ್ಲವೆಂದೇ ಇಂದಿಗೂ ನಂಬುತ್ತೇನೆ. ಆದರೆ ಆ ಬಳೆಗಳು ನನ್ನವಾಗಿರಲಿಲ್ಲ. ನೇಕಾರಿಕೆಯ ದುಡಿಮೆಯಲ್ಲಿ ಉಳಿಸಿ ಅವಳ ತಂದೆ ಮಾಡಿಸಿಕೊಟ್ಟವು ಅವು. ‘ಕೇಳಿದ್ದರೆ ನಾನೇ ಕೊಡುತ್ತಿದ್ದೆನೇನೋ’ ಎಂದಳು. ಕೊಡುವ ಅವಕಾಶವನ್ನೇ ಅವಳಿಂದ ಕಸಿದುಕೊಂಡಿದ್ದೆ. ಅವಳ ತ್ಯಾಗವನ್ನು ನನ್ನ ಹೆಸರಿನಲ್ಲಿ ಬರೆಸಿಕೊಂಡಿದ್ದೆ. ಇನ್ನೊಂದು, ಆ ಎರಡನೆಯ ಗೆರೆ. ದೇವರಿಗೆ ಗಡುವು ಬರೆದುಕೊಟ್ಟ ಮೇಲೆ ಅದು ಕಾಣಿಕೆಯಾಗಿ ಉಳಿಯಲಿಲ್ಲ, ಮುಂಗಡವಾಯಿತು. ದೇವರ ಮಾತಿನಂತೆ ಮಗನನ್ನು ಬಲಿ ಕೊಡಲು ಮೋರೀಯ ಬೆಟ್ಟಕ್ಕೆ ಹೊರಟ ಅಬ್ರಹಾಮನನ್ನು ಆ ಮಗ ಇಸಾಕನು ಬಲಿಯ ಕುರಿ ಎಲ್ಲಿ ಎಂದು ಕೇಳಿದಾಗ ಅವನು ದೇವರೇ ಒದಗಿಸುವನೆಂದನು. ಯಾವಾಗ, ಹೇಗೆ ಎಂಬುದನ್ನು ಅವನು ದೇವರಿಗೇ ಬಿಟ್ಟಿದ್ದ. ನಾನು ಎರಡನ್ನೂ ನಿಗದಿ ಮಾಡಿದ್ದೆ. ಕೆಲಸ ಸಿಗದೆ ಹೋದಾಗ ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಸರಕು ಕಳುಹಿಸದ ಅಂಗಡಿಯವನ ಮೇಲೆ ಬರುವಂಥ ಸಿಟ್ಟು. ಸಭೆಗೆ ಹೋಗುವುದನ್ನೇ ಬಿಟ್ಟೆ. ಬಳೆಗಳಿಗಿಂತ ದೊಡ್ಡ ನಷ್ಟ ಅದು.

ನಿಮಗೆ ಓದಿ ಹೇಳುತ್ತಿರುವ ಮಲಾಕಿಯ ಅಧ್ಯಾಯವನ್ನು ಮೊದಲಿನಿಂದ ಓದಿ. ಹತ್ತನೆಯ ವಚನಕ್ಕೆ ಬರುವ ಮುಂಚೆ, ಐದನೆಯದರಲ್ಲಿ, ಕೂಲಿಯವನ ಕೂಲಿ ಹಿಡಿಯುವವರ ಮೇಲೆ, ವಿಧವೆಯರನ್ನೂ ಅನಾಥರನ್ನೂ ಬಾಧಿಸುವವರ ಮೇಲೆ ದೇವರು ಸಾಕ್ಷಿಯಾಗಿ ನಿಲ್ಲುತ್ತಾನೆ. ಧರ್ಮೋಪದೇಶಕಾಂಡ 14ರ ಪ್ರಕಾರ ಮೂರು ವರ್ಷಕ್ಕೊಮ್ಮೆ ದಶಮಾಂಶ ಊರಿನಲ್ಲೇ ಉಳಿದು, ದೇವರ ಸೇವೆಗಿದ್ದ ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರ ಹೊಟ್ಟೆ ತುಂಬಿಸಬೇಕಿತ್ತು. ಇಂದು ಪಡೆಯುವವರ ಆ ಪಟ್ಟಿಯ ಪಕ್ಕದಲ್ಲಿ ನಿಲ್ಲಬೇಕಾದವರು ನೀವು. ತನ್ನಲ್ಲಿದ್ದ ಎರಡು ಕಾಸನ್ನೂ ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಹಾಕಿದ ಬಡ ವಿಧವೆಯ ಕಥೆಯನ್ನೂ ನಿಮಗೆ ಹೇಳಿರುತ್ತಾರೆ. ಮಾರ್ಕ 12ರಲ್ಲಿ ಅದಕ್ಕೆ ತೀರಾ ಹತ್ತಿರದ ಮುಂಚಿನ ವಚನದಲ್ಲಿ, ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಯೇಸು ಖಂಡಿಸುತ್ತಾನೆ. ಆಕೆಯ ಭರವಸೆಯನ್ನು ಅವನು ಎತ್ತಿ ಹಿಡಿದದ್ದು ನಿಜ, ಆದರೆ ಆಕೆಗೆ ಲಕೋಟೆ ಕೊಟ್ಟವನು ಅವನಲ್ಲ.

ನಾನು ಹುಟ್ಟಿ ಬೆಳೆದದ್ದು ಗದಗಿನ ಪಕ್ಕದ ಬೆಟಗೇರಿಯಲ್ಲಿ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ 1841ರಲ್ಲಿ ನೆಲೆಯೂರಿದ ಊರು. ನನ್ನ ತಾಯಿ ರೊಟ್ಟಿಗೆ ಹಿಟ್ಟು ಕಲಸುವ ಮುನ್ನ ಒಂದು ಹಿಡಿ ಜೋಳವನ್ನು ಪಕ್ಕದ ಡಬ್ಬಿಗೆ ಹಾಕುತ್ತಿದ್ದಳು. ಮನೆಯಲ್ಲಿ ಕಾಳು ಮುಗಿಯುತ್ತಾ ಬಂದ ವಾರಗಳಲ್ಲಿ ಆ ಹಿಡಿ ಸಣ್ಣದಾಗುತ್ತಿತ್ತು, ಬೆರಳ ತುದಿಗಳಲ್ಲಿ ನಿಲ್ಲುವಷ್ಟು. ಅದಕ್ಕಾಗಿ ಅವಳು ಸಂಕೋಚಪಟ್ಟದ್ದನ್ನು ನಾನು ಕಂಡಿಲ್ಲ. ಸುಗ್ಗಿಯ ಹಬ್ಬದಂದು ಡಬ್ಬಿ ಗುಡಿಗೆ, ಅಂದರೆ ಚರ್ಚಿಗೆ, ಹೋಗುತ್ತಿತ್ತು. ಆರಾಧನೆಯ ನಂತರ ಕಾಣಿಕೆಗಳನ್ನು ಕೂಗುವ ಹರಾಜಿನಲ್ಲಿ ನಮ್ಮ ಜೋಳವನ್ನು ಯಾರು ಕೂಗಿಕೊಂಡರೆಂದು ಕೂಡ ಅವಳು ವಿಚಾರಿಸುತ್ತಿರಲಿಲ್ಲ. ವಿಶ್ವಾಸದಿಂದ ಕೊಡುವುದೆಂದರೆ ನನ್ನ ಪಾಲಿಗೆ ಇದು. ಅಪೊಸ್ತಲ ಪೌಲನೂ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ, ಒಬ್ಬನಲ್ಲಿ ಇರುವುದಕ್ಕೆ ತಕ್ಕಂತೆ ಕೊಟ್ಟದ್ದು ಮೆಚ್ಚಿಕೆ, ಇಲ್ಲದ್ದಕ್ಕೆ ತಕ್ಕಂತೆ ಅಲ್ಲ ಎನ್ನುತ್ತಾನೆ.

ಆದ್ದರಿಂದ ‘ನಿಲ್ಲಿಸಿದರೆ ಅವಿಶ್ವಾಸವೇ’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಶೇಕಡಾ ಹತ್ತು ಇಲ್ಲವೇ ಸೊನ್ನೆ ಎಂಬ ಲೆಕ್ಕವನ್ನು ನಿಮ್ಮ ತಲೆಗೆ ತುಂಬಿದವರು ಬೇರೆಯವರು. ಸಾಲ ಮಾಡಿ ಕಾಣಿಕೆ ಕೊಡಬೇಡಿ. ಸಾಲ ಕೊಟ್ಟವನ ಹಣ ಅವನದು, ಅದನ್ನು ದೇವರಿಗೆ ಕೊಡುವ ಹಕ್ಕು ನಿಮಗಿಲ್ಲ. ಕಂತು ಕಟ್ಟಿ, ಮನೆಯ ರೇಷನ್ ತಂದು, ಉಳಿದದ್ದರಲ್ಲಿ ಹತ್ತು ರೂಪಾಯಿಯನ್ನಾದರೂ ಪ್ರತಿ ವಾರ ಹಾಕಿ. ಪೂರ್ತಿ ಬಿಡಬೇಡಿ ಎಂದು ನನ್ನ ಅನುಭವದಿಂದ ಹೇಳುತ್ತೇನೆ, ಬಿಟ್ಟರೆ ಕೈ ಬಿಗಿಯಾಗುತ್ತದೆ. ನನಗೆ ಆಮೇಲೆ ಕೆಲಸ ಸಿಕ್ಕಿತು, ಆ ಲಕೋಟೆಗೂ ಅದಕ್ಕೂ ಸಂಬಂಧ ಕಟ್ಟಲು ನನಗೆ ಮನಸ್ಸಿಲ್ಲ. ಈಗ ಊರಿನ ಹಳೆಯ ಸಭೆಗೆ ಹಣ ಕಳುಹಿಸುತ್ತೇವೆ. ಎಷ್ಟು ಎಂಬುದನ್ನು ಹೆಂಡತಿ ನಿರ್ಧರಿಸುತ್ತಾಳೆ, ಮತ್ತು ಅವಳು ನನಗಿಂತ ಧಾರಾಳಿ.

ನಿಮ್ಮ ಸಾಲದ ವಿಷಯ ಮನೆಯವರಿಗೆ ಪೂರ್ತಿ ಗೊತ್ತಿಲ್ಲವೆಂದು ಪ್ರಶ್ನೆಯ ಕೊನೆಯಲ್ಲಿ ಬರೆದಿದ್ದೀರಿ. ಮುಂದಿನ ಭಾನುವಾರಕ್ಕೆ ಮುಂಚೆ ಅವರಿಗೆ ಹೇಳಿ. ಸಭಾಪಾಲಕರ ಮಾತು ಅದಾದ ಮೇಲೆ.