ಓದುಗರು ಕೇಳಿದ್ದು: ನೀರಿನಿಂದ ಭಾರ ಎತ್ತಿಸಿದ ವಕೀಲ

ಪ್ರಶ್ನೆ: ಲಂಡನ್ನಿನ ಟವರ್ ಬ್ರಿಡ್ಜ್ ಎತ್ತುವ ಯಂತ್ರ ಮಾಡಿಕೊಟ್ಟ ವಿಲಿಯಂ ಆರ್ಮ್‌ಸ್ಟ್ರಾಂಗ್ ಮೊದಲು ವಕೀಲರಾಗಿದ್ದರಂತೆ, ಹೌದಾ?

ಉತ್ತರ: ಹೌದು. 1810ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹುಟ್ಟಿದರು. ಅಪ್ಪನ ಆಸೆಗೆ ಕಾನೂನು ಕಲಿತರು, ಮೂವತ್ತು ದಾಟಿದ ಮೇಲೂ ವಕೀಲಿಕೆಯಲ್ಲೇ ಇದ್ದರು. ಆದರೆ ಮನಸ್ಸೆಲ್ಲ ಯಂತ್ರಗಳ ಮೇಲೆ, ಜೊತೆಗೆ ಮೀನು ಹಿಡಿಯುವ ಹುಚ್ಚು ಬೇರೆ. 1835ರಲ್ಲಿ ಡೆಂಟ್‌ಡೇಲ್‌ನ ಹೊಳೆಯಲ್ಲಿ ಗಾಳ ಹಾಕುತ್ತಿದ್ದಾಗ ಒಂದು ಕಲ್ಲುಗಣಿಯ ನೀರಿನ ಚಕ್ರ ಕಣ್ಣಿಗೆ ಬಿತ್ತು. ಬೆಟ್ಟದಿಂದ ಇಳಿಯುವ ನೀರಿನಲ್ಲಿ ಇಷ್ಟೊಂದು ಶಕ್ತಿ ಇದೆ, ಚಕ್ರಕ್ಕೆ ಸಿಗುತ್ತಿರುವುದು ಚೂರೇ ಚೂರು, ಉಳಿದದ್ದೆಲ್ಲ ಸುಮ್ನೆ ಹಾಳಾಗುತ್ತಿದೆ ಅನ್ನಿಸಿತು. 1846ರಲ್ಲಿ ನ್ಯೂಕ್ಯಾಸಲ್ ಬಂದರುಕಟ್ಟೆಯ ಒಂದು ಕ್ರೇನನ್ನು ಊರಿನ ಕೊಳಾಯಿ ನೀರಿನ ಒತ್ತಡದಿಂದಲೇ ನಡೆಸಿ ತೋರಿಸಿದರು. ಮರುವರ್ಷ ವಕೀಲಿಕೆ ಬಿಟ್ಟು ಎಲ್ಸ್‌ವಿಕ್‌ನಲ್ಲಿ ಕಾರ್ಖಾನೆ ತೆರೆದರು.

ಪ್ರಶ್ನೆ: ಕೊಳಾಯಿ ನೀರಿಗೆ ಅಷ್ಟು ಒತ್ತಡ ಎಲ್ಲಿಂದ ಬರಬೇಕು?

ಉತ್ತರ: ಅದೇ ತೊಂದರೆ. ಎಲ್ಲ ಊರಲ್ಲೂ ಬರುವುದಿಲ್ಲ. ಗ್ರಿಮ್ಸ್‌ಬಿ ಬಂದರಿನಲ್ಲಿ ನೀರನ್ನು ಎತ್ತರದಲ್ಲಿ ಇಡಲು 300 ಅಡಿಗೂ ಜಾಸ್ತಿ ಎತ್ತರದ ಗೋಪುರವನ್ನೇ ಕಟ್ಟಿದರು. ನೆಲ ಸಡಿಲವಿದ್ದ ಕಡೆ ಗೋಪುರವೂ ಆಗದು. ಆಗ ಹೊಳೆದದ್ದೇ ಅಕ್ಯುಮ್ಯುಲೇಟರ್. ನೆಟ್ಟಗೆ ನಿಂತ ಒಂದು ದಪ್ಪ ಸಿಲಿಂಡರ್, ಒಳಗೆ ಪಿಸ್ಟನ್, ಅದರ ತಲೆಯ ಮೇಲೆ ಕಲ್ಲೋ ಕಬ್ಬಿಣವೋ ತುಂಬಿದ ಭಾರೀ ಪೆಟ್ಟಿಗೆ. ಒಂದು ಸಣ್ಣ ಉಗಿ ಇಂಜಿನ್ ಕೆಳಗಿನಿಂದ ನೀರು ತುಂಬುತ್ತಾ ಹೋಗುತ್ತದೆ, ಪೆಟ್ಟಿಗೆ ನಿಧಾನವಾಗಿ ಮೇಲೇರುತ್ತದೆ, ತುದಿ ಮುಟ್ಟಿದರೆ ಇಂಜಿನ್ ತಾನೇ ನಿಲ್ಲುತ್ತದೆ. ಕ್ರೇನಿನವನು ವಾಲ್ವ್ ತಿರುಗಿಸಿದ ತಕ್ಷಣ ಆ ಭಾರವೆಲ್ಲ ನೀರನ್ನು ಒತ್ತಿ ಪೈಪಿಗೆ ತಳ್ಳುತ್ತದೆ. ದಿನದ ಬಹುಪಾಲು ಸುಮ್ಮನಿದ್ದು ಒಂದೆರಡು ನಿಮಿಷ ಮಾತ್ರ ಭಾರೀ ಶಕ್ತಿ ಕೇಳುವ ಕ್ರೇನು, ಸೇತುವೆಗಳಿಗೆ ಇದು ಹೇಳಿ ಮಾಡಿಸಿದ ಹಾಗಿತ್ತು. 1894ರಲ್ಲಿ ಟವರ್ ಬ್ರಿಡ್ಜ್‌ನ ನಡುಭಾಗ ಮೇಲೆದ್ದು ಹಡಗುಗಳಿಗೆ ದಾರಿ ಬಿಟ್ಟದ್ದೂ ಹೀಗೇ. ನನ್ನ ಪ್ರಕಾರ ಅವರ ದೊಡ್ಡ ಕೆಲಸ ಇದು, ಅವರೇ ಮಾಡಿ ಮಾರಿದ ಫಿರಂಗಿ ಅಲ್ಲ.

ಪ್ರಶ್ನೆ: ಫಿರಂಗಿ ಮಾರಿ ಶ್ರೀಮಂತರಾದವರನ್ನು ಹೊಗಳೋದು ಸರಿಯಾ?

ಉತ್ತರ: ಪೂರ್ತಿ ಹೊಗಳಬೇಕಿಲ್ಲ. ಕ್ರಿಮಿಯಾ ಯುದ್ಧದ ಹೊತ್ತಿಗೆ ಹಗುರವಾದ, ಹಿಂದಿನಿಂದ ಗುಂಡು ತುಂಬುವ ಫಿರಂಗಿ ಮಾಡಿದರು. ಪೇಟೆಂಟನ್ನು ಸರ್ಕಾರಕ್ಕೆ ದುಡ್ಡು ತೆಗೆದುಕೊಳ್ಳದೆ ಕೊಟ್ಟರು, 1859ರಲ್ಲಿ ಸರ್ ಆದರು. ಸರ್ಕಾರದ ಆರ್ಡರ್ ನಿಂತ ಮೇಲೆ ಹೊರದೇಶಗಳಿಗೆ ಮಾರಿದರು. ಅಮೆರಿಕದ ಅಂತರ್ಯುದ್ಧದಲ್ಲಿ ಎರಡೂ ಕಡೆಗೂ! 1871ರಲ್ಲಿ ಕೆಲಸಗಾರರು ದಿನಕ್ಕೆ ಒಂಬತ್ತೇ ಗಂಟೆ ದುಡಿಯುತ್ತೇವೆ ಅಂದಾಗ ಇವರು ಒಪ್ಪಲಿಲ್ಲ, ಹೊರದೇಶದಿಂದ ಆಳುಗಳನ್ನು ಕರೆಸಿದರು. ತಿಂಗಳುಗಟ್ಟಲೆ ಮುಷ್ಕರ ನಡೆದು ಕೊನೆಗೆ ಗೆದ್ದದ್ದು ಕೆಲಸಗಾರರೇ.

ಪ್ರಶ್ನೆ: ಅವರ ಮನೆಯಲ್ಲಿ ಆಗಲೇ ಕರೆಂಟ್ ಇತ್ತಂತೆ?

ಉತ್ತರ: ಇತ್ತು. ಕ್ರ್ಯಾಗ್‌ಸೈಡ್ ಅನ್ನುವ ಬಂಗಲೆ. ಕೆರೆ ನೀರಿನಿಂದ ಡೈನಮೋ ತಿರುಗಿಸಿ, 1880ರಲ್ಲಿ ಗೆಳೆಯ ಜೋಸೆಫ್ ಸ್ವಾನ್ ಮಾಡಿದ ಬಲ್ಬುಗಳನ್ನು ಹಾಕಿಸಿದರು. ಲೈಬ್ರರಿಯ ಕೆಲವು ದೀಪಗಳಿಗೆ ಸ್ವಿಚ್ಚೇ ಇರಲಿಲ್ಲ. ಎನಾಮಲ್ ಹಚ್ಚಿದ ತಾಮ್ರದ ಹೂದಾನಿಗಳ ಮೇಲೆ ಬಲ್ಬು, ಹೂದಾನಿಯ ಬುಡದಿಂದ ಹೊರಬಂದ ತಂತಿಯ ತುದಿ ಕರೆಂಟ್ ಹರಿಯುವ ಪಾದರಸದ ಬಟ್ಟಲಲ್ಲಿ. ಎತ್ತಿದರೆ ದೀಪ ಆರುತ್ತದೆ, ಇಟ್ಟರೆ ಹತ್ತುತ್ತದೆ. ಈಗ ಯಾರಾದರೂ ಮನೆಯಲ್ಲಿ ಹಾಗೆ ಪಾದರಸ ಇಟ್ಟರೆ ಬೈಸಿಕೊಳ್ಳುತ್ತಾರೆ, ಅಲ್ವಾ!