ಬೆಕ್ಕಿನ ಸೀನು ಮತ್ತು ಕಣ್ಣಿನ ಗೀಜು
ನಿಮ್ಮ ಬೆಕ್ಕು 3 ದಿನಗಳಿಂದ ಸೀನುತ್ತ, ಕಣ್ಣಲ್ಲಿ ಗೀಜು ಕಟ್ಟಿ, ನಿನ್ನೆ ರಾತ್ರಿಯಿಂದ ಅನ್ನ ಮುಟ್ಟಿಲ್ಲವೆಂದರೆ, ಅದು ಬಹುಶಃ ಬೆಕ್ಕುಗಳ ಹರ್ಪಿಸ್ ಅಥವಾ ಕ್ಯಾಲಿಸಿ ವೈರಸ್ಸಿನ ಸೋಂಕು. ನಾಲಗೆಯಲ್ಲಿ ಹುಣ್ಣಿದ್ದರೆ ಕ್ಯಾಲಿಸಿಯ ಸಂಶಯ ಹೆಚ್ಚು, ಆದರೆ ನೋಡದೆ ಖಚಿತವಾಗಿ ಹೇಳಲಾಗದು. ಮೊದಲು ಅದನ್ನು ಇತರ ಬೆಕ್ಕುಗಳಿಂದ ಬೇರೆಯಿರಿಸಿ, ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಕಣ್ಣು, ಮೂಗನ್ನು ಒರೆಸಿರಿ. ಬಳಿಕ ಹಬೆ ತುಂಬಿದ ಬಚ್ಚಲುಮನೆಯಲ್ಲಿ 10 ನಿಮಿಷ ಅದರ ಜೊತೆಗಿರಿ. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ತಿಳಿಯದೆ ತಿನ್ನುವ ಆಸೆಯೇ ಹುಟ್ಟುವುದಿಲ್ಲ. ಉಪ್ಪಿಲ್ಲದೆ ಬೇಯಿಸಿದ ಬೂತಾಯಿ ಮೀನನ್ನು ಮುಳ್ಳು ಬಿಡಿಸಿ, ಬೆಚ್ಚಗಿರುವಾಗಲೇ ಮೂಗಿನ ಬಳಿ ಹಿಡಿದಾಗ ನಮ್ಮ ಬೆಕ್ಕು ಮೊದಲು ಬೆರಳು ನೆಕ್ಕಿ, ಆಮೇಲೆ ತಿಂದಿತು. ಪ್ಯಾರಾಸಿಟಮಾಲ್ ಮಾತ್ರ ಖಂಡಿತ ಕೊಡಬೇಡಿ, ಒಂದೇ ಮಾತ್ರೆ ಅದರ ಪ್ರಾಣ ತೆಗೆಯಬಲ್ಲದು. ಇಂದು ರಾತ್ರಿಯೊಳಗೆ ತಿನ್ನದಿದ್ದರೆ ನಾಳೆ ಬೆಳಗ್ಗೆಯೇ ಮೃಗಾಸ್ಪತ್ರೆಗೆ ಒಯ್ಯಿರಿ. ಬಾಯಿ ತೆರೆದು ಉಸಿರಾಡತೊಡಗಿದರೆ ಒಂದು ಗಳಿಗೆಯೂ ಕಾಯಬೇಡಿ.